ಅಡಿಕೆ ಇಡುವ ಹೊತ್ತು

ಸೂಡಿಯ ದ್ಯಾಮಪ್ಪ ಹನ್ನೆರಡಕ್ಕೆ ಬರುತ್ತೇನೆಂದು ಹೇಳಿ ಎರಡೂವರೆಗೆ ಬಂದ. ಸೂಡಿಯೇನು ದಿಲ್ಲಿಯಲ್ಲ. ಬಸ್ಸು ಹತ್ತಿ ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟರಲ್ಲಿ ಗಜೇಂದ್ರಗಡ ಬಂದಿರುತ್ತದೆ, ಅವನಿಗೋ ಮನೆಯದೇ ಕಾರು. ಆದರೆ ಗಂಡಿನ ಕಡೆಯವರು ಹೊತ್ತಿಗೆ ಸರಿಯಾಗಿ ಬಂದರೆ ಗಂಡಿನ ತೂಕ ಕಡಿಮೆಯಾಗುತ್ತದೆಂದು ಯಾರೋ ಅವನಿಗೆ ಹೇಳಿಕೊಟ್ಟಿರಬೇಕು. ಹೊನ್ನವ್ವ ಕಟ್ಟಿನ ಸಾರನ್ನು ಮೂರನೆಯ ಸಲ ಬಿಸಿಗಿಟ್ಟು, ಮೂರನೆಯ ಸಲ ಅವನ ವಂಶವನ್ನು ಮನಸ್ಸಿನಲ್ಲೇ ಜಾಲಾಡಿದಳು.

ಹೊನ್ನವ್ವನಿಗೆ ಅರವತ್ತೊಂದು. ಗಂಡ ತೀರಿ ಮೂವತ್ತು ವರ್ಷ. ಬಸ್ ಸ್ಟ್ಯಾಂಡಿನ ಹತ್ತಿರ ಕೈಮಗ್ಗದ ಸೀರೆಗಳ ಸ್ವಂತ ಅಂಗಡಿ ಇಟ್ಟುಕೊಂಡಿದ್ದಳು. ಸೆರಗು ಮುಟ್ಟುವ ರೀತಿಯಲ್ಲೇ ಇವರು ಕೊಳ್ಳುವವರೋ ಹೊತ್ತು ಕಳೆಯಲು ಬಂದವರೋ ಎಂದು ತಿಳಿಯುವಷ್ಟು ಜನರನ್ನು ಅಲ್ಲಿ ಕೂತು ನೋಡಿದ್ದಳು. ಅಷ್ಟು ನೋಡಿದ ಮೇಲೆ ಮರ್ಯಾದೆ ಕೊಡಬೇಕೆನಿಸುವ ಮುಖಗಳು ಬಹಳ ಉಳಿಯುವುದಿಲ್ಲ. ಸ್ವಂತ ತಮ್ಮ ಪ್ರಭುಲಿಂಗಪ್ಪನ ಮುಖವಂತೂ ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಕಾಳಿನ ವ್ಯಾಪಾರದ ಪ್ರಭುಲಿಂಗಪ್ಪ ಎದುರಿಗಿದ್ದವನು ಏನೆಂದರೂ ಹೌದ್ರಿ ಎನ್ನುವ ಕೋಲೆ ಬಸವ. ಅವನ ಹೆಂಡತಿ ತೀರಿಕೊಂಡಾಗ ಮಗಳು ಯಶೋಧರಾಗೆ ಒಂಬತ್ತು ವರ್ಷ. ಅಂದಿನಿಂದ ಹೊನ್ನವ್ವ ತಮ್ಮನ ಮನೆಗೇ ಬಂದು ನಿಂತು ಹುಡುಗಿಯನ್ನು ಬೆಳೆಸಿದಳು. ಈಗ ಯಶೋಧರಾಗೆ ಇಪ್ಪತ್ತೇಳು, ರೋಣದ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದಳು, ಮನೆಯಲ್ಲಿ ಕಡಿಮೆ ಮಾತಾಡುತ್ತಿದ್ದಳು.

ಈ ಸಂಬಂಧ ತಂದವಳು ಹೊನ್ನವ್ವನೇ. ದ್ಯಾಮಪ್ಪನ ಮಗ ಸಂಗನಬಸವ ಒಮ್ಮೆ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದ. ತಾಯಿ ಮೂವತ್ತು ಸೀರೆ ಬಿಚ್ಚಿಸಿ ನೋಡುತ್ತಿದ್ದಾಗ ಅವನು ಪಕ್ಕದಲ್ಲಿ ಕೂತು ಒಂದೊಂದನ್ನೇ ಮಡಿಕೆ ಕೆಡದಂತೆ ಮಡಚಿ ಇಟ್ಟ. ಆ ಅಂಗಡಿಯಲ್ಲಿ ಒಬ್ಬ ಗಂಡಸು ಸೀರೆ ಮಡಚಿದ್ದನ್ನು ಹೊನ್ನವ್ವ ಕಂಡದ್ದು ಅದೇ ಮೊದಲು. ಓದಿದ ಹುಡುಗ, ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ, ಚಟಗಳಿಲ್ಲ. ಹೊನ್ನವ್ವ ತಾನೇ ಮುಂದಾಗಿ ಮಾತು ಹಚ್ಚಿದಳು, ಮಾತು ಕೂಡುವ ಮೊದಲೇ ನೇಕಾರರ ಓಣಿಯ ತುಂಬ ಹೇಳಿಕೊಂಡು ಬಂದಳು. ಯಶೋಧರಾ ಮಾತ್ರ ಒಂದು ಕರಾರು ಹಾಕಿದ್ದಳು.

“ನೀ ತಂದ ಸಂಬಂಧ ಅಂತ ಕುಂದ್ರತೀನಿ, ಅತ್ತಿ. ಆದ್ರ ಬಾಯಾಗ ಸಕ್ಕರಿ ಬೀಳೋತನಕಾ ನನಗ ಹೂಂ ಅನ್ನಾಕೂ ಬರಬೇಕು, ಒಲ್ಲೆ ಅನ್ನಾಕೂ ಬರಬೇಕು.”

ಹೊನ್ನವ್ವ ಆಗಲಿ ಅಂದಿದ್ದಳು. ಒಲ್ಲೆ ಅನ್ನುವ ಪ್ರಸಂಗ ಬರುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಆ ಭಾನುವಾರ ಊಟ ಮುಗಿದ ಮೇಲೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದಷ್ಟೇ ಉಳಿದಿತ್ತು.

ಆದರೆ ಬೀಗರು ಉಂಡು ಕೈತೊಳೆಯುವ ಹೊತ್ತಿಗೆ ನಾಲ್ಕೂಕಾಲು. ದ್ಯಾಮಪ್ಪನ ಜೊತೆ ಹೆಂಡತಿ, ಮಗ, ಹೆಂಡತಿಯ ತಮ್ಮ ಅಜ್ಜಪ್ಪ ಬಂದಿದ್ದರು. ಅಜ್ಜಪ್ಪ ಗೋಡೆಯ ಕ್ಯಾಲೆಂಡರಿಗೆ ಮೂಗು ತಾಗಿಸಿ ಓದಿ, ನಾಲ್ಕೂವರೆಯಿಂದ ಆರರತನಕ ರಾಹುಕಾಲವೆಂದು ಸಾರಿದ. ಎರಡೂವರೆ ತಾಸು ತಡಮಾಡಿ ಬಂದವರಿಗೆ ಈಗ ಹದಿನೈದು ನಿಮಿಷದಲ್ಲಿ ಶುಭ ಮುಗಿಸುವುದು ಅವಸರವೆನಿಸಿತು. ಹೀಗಾಗಿ ಒಂದೂವರೆ ತಾಸು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುವ ಗತಿ ಬಂತು. ದ್ಯಾಮಪ್ಪ ತನ್ನ ಬೋರ್‌ವೆಲ್ಲಿನ ಆಳವನ್ನು ಹೇಳಿದ. ಪ್ರಭುಲಿಂಗಪ್ಪ ಹೌದ್ರಿ ಅಂದ. ದ್ಯಾಮಪ್ಪ ಅದನ್ನೇ ಮತ್ತೊಮ್ಮೆ ಹೇಳಿದ, ಈ ಸಲ ಐವತ್ತು ಅಡಿ ಹೆಚ್ಚಾಗಿತ್ತು. ಪ್ರಭುಲಿಂಗಪ್ಪ ಅದಕ್ಕೂ ಹೌದ್ರಿ ಅಂದ.

ಆಗ ಯಶೋಧರಾ ಒಳಗಿನಿಂದ ಇಸ್ಪೀಟಿನ ಕಟ್ಟು ತಂದಳು. ಇಂಥ ದಿನ ಮನೆಯಲ್ಲಿ ಇಸ್ಪೀಟೇ ಎಂದು ಅವಳಪ್ಪ ಬೆವರಿದ. ಇಸ್ಪೀಟಿನಲ್ಲಿ ತನ್ನನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿಲ್ಲ ಎಂದು ದ್ಯಾಮಪ್ಪ ಅಂದ ಕೂಡಲೇ, ಇಸ್ಪೀಟು ಬುದ್ಧಿ ಬೆಳೆಸುತ್ತದೆಂದು ಅದೇ ಪ್ರಭುಲಿಂಗಪ್ಪ ಹೇಳಿದ. ಅವನ ಬೆವರು ಇನ್ನೂ ಆರಿರಲಿಲ್ಲ.

ಯಶೋಧರಾ ಧಾರವಾಡದ ಹಾಸ್ಟೆಲಿನಲ್ಲಿ ಕಲಿತ ಆಟವನ್ನು ಹೇಳಿಕೊಟ್ಟಳು. ಆರು ಜನಕ್ಕೆ ಆರು ಎಲೆ. ಕರಿ ಗುಲಾಮ ಸಿಕ್ಕವರು ಕಳ್ಳ, ರಾಜಾ ಸಿಕ್ಕವರು ಕೊತ್ವಾಲ, ಉಳಿದ ನಾಲ್ವರು ಊರ ಮಂದಿ. ತಮ್ಮ ಎಲೆ ತಾವಷ್ಟೇ ನೋಡಿ ಬೋರಲು ಇಡಬೇಕು. ಆಡಿಸುವವರು ಬೇರೆ ಒಬ್ಬರು. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಮೊದಲು ಕಳ್ಳ ಒಬ್ಬನೇ ಕಣ್ಣು ತೆರೆದು ಆಡಿಸುವವರಿಗೆ ಗುರುತು ಕೊಟ್ಟು ಮುಚ್ಚುತ್ತಾನೆ. ಆಮೇಲೆ ಕೊತ್ವಾಲ ಕಣ್ಣು ತೆರೆದು, ಅನುಮಾನವಿದ್ದ ಒಬ್ಬರ ಕಡೆ ಬೆರಳು ತೋರಿಸುತ್ತಾನೆ. ಅವರು ಕಳ್ಳರಾದರೆ ಆಡಿಸುವವರು ಹೌದೆಂದು ತಲೆಯಾಡಿಸಬೇಕು, ಅಲ್ಲದಿದ್ದರೆ ಇಲ್ಲವೆಂದು. ಆಮೇಲೆ ಎಲ್ಲರೂ ಕಣ್ಣು ತೆರೆದು, ಯಾರ ಮೇಲೆ ಯಾಕೆ ಅನುಮಾನ ಎಂದು ಸರದಿಯಂತೆ ಮಾತಾಡಿ, ಕೊನೆಗೆ ಓಟು. ತಟ್ಟೆಯಲ್ಲಿ ಅಡಿಕೆಯಿದ್ದವು, ಒಬ್ಬೊಬ್ಬರು ಒಂದೊಂದು ಅಡಿಕೆಯನ್ನು ತಾವು ಕಳ್ಳನೆಂದುಕೊಂಡವರ ಮುಂದೆ ಇಡಬೇಕು. ಹೆಚ್ಚು ಅಡಿಕೆ ಬಿದ್ದವರು ಎಲೆ ತಿರುವಬೇಕು. ಕಳ್ಳ ಸಿಕ್ಕರೆ ಊರು ಗೆದ್ದಿತು, ಇಲ್ಲದಿದ್ದರೆ ಕಳ್ಳ ಗೆದ್ದ. ಆಡಿಸುವ ಕೆಲಸ ಹೊನ್ನವ್ವನಿಗೆ ಬಂತು. ಇವರ ಜೊತೆ ಆಡುವುದಕ್ಕಿಂತ ಇವರನ್ನು ನೋಡುವುದೇ ಮೇಲೆಂದು ಅವಳು ಒಪ್ಪಿಕೊಂಡಳು.

ಮೊದಲ ಆಟದಲ್ಲಿ ಕಳ್ಳ ಕಣ್ಣು ತೆರೆಯಲಿ ಅಂದಾಗ ಕಣ್ಣು ತೆರೆದು ಹಲ್ಲು ಕಿರಿದವನು ದ್ಯಾಮಪ್ಪ. ಕೊತ್ವಾಲ ಅಂದಾಗ ಕಣ್ಣು ತೆರೆದವಳು ಅವನ ಹೆಂಡತಿ. ಬಂದಾಗಿನಿಂದ ಆ ಹೆಂಗಸು ಬಾಯಿ ತೆರೆದದ್ದು ಉಣ್ಣುವುದಕ್ಕೆ ಮಾತ್ರ. ಅವಳು ಅತ್ತಿತ್ತ ನೋಡಲೇ ಇಲ್ಲ, ನೇರ ಗಂಡನ ಕಡೆ ಬೆರಳು ಮಾಡಿದಳು. ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಬೇರೆ ಯಾರ ಮೇಲೆ ಅನುಮಾನ ಬರಬೇಕು? ಹೊನ್ನವ್ವ ಹೌದೆಂದು ತಲೆಯಾಡಿಸಿದಳು, ಮೊದಲ ಸಲ ಆ ಹೆಂಗಸಿನ ಮೇಲೆ ಸ್ವಲ್ಪ ಗೌರವ ಹುಟ್ಟಿತು.

ಗೌರವ ಎರಡು ನಿಮಿಷವೂ ಬಾಳಲಿಲ್ಲ. ಎಲ್ಲರೂ ಕಣ್ಣು ತೆರೆದರೋ ಇಲ್ಲವೋ, ಯಾರೂ ಒಂದು ಮಾತಾಡುವ ಮೊದಲೇ ದ್ಯಾಮಪ್ಪ ತನ್ನ ಅಡಿಕೆಯನ್ನು ಪ್ರಭುಲಿಂಗಪ್ಪನ ಮುಂದೆ ಟಕ್ಕನೆ ಇಟ್ಟು, ಮುಖವೇ ಹೇಳುತ್ತದೆ ಅಂದ. ಅಜ್ಜಪ್ಪನ ಅಡಿಕೆ ಅದರ ಹಿಂದೆ ಹೋಯಿತು. ಸಂಗನಬಸವನದೂ ಹೋಯಿತು. ಗಂಡನೇ ಕಳ್ಳನೆಂದು ಕಣ್ಣಾರೆ ತಿಳಿದುಕೊಂಡ ಆ ಹೆಂಗಸು ತನ್ನದನ್ನೂ ಅಲ್ಲೇ ಇಟ್ಟಳು. ಎಲ್ಲಕ್ಕಿಂತ ಮೇಲಾಗಿ ಪ್ರಭುಲಿಂಗಪ್ಪ, ಬೀಗರು ಅಂದ ಮೇಲೆ ಇದ್ದರೂ ಇರಬಹುದೆಂದು ನಗುತ್ತ, ತನ್ನ ಅಡಿಕೆಯನ್ನು ತನ್ನ ಮುಂದೆಯೇ ಇಟ್ಟುಕೊಂಡ. ತನ್ನ ಎಲೆ ತಾನು ನೋಡಿದ ಮನುಷ್ಯ! ಹೊನ್ನವ್ವನಿಗೆ ಆ ಅಡಿಕೆಯನ್ನು ತೆಗೆದು ಅವನ ಹಣೆಗೆ ಹೊಡೆಯಬೇಕೆನಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದಳು, ಹೀಗೆ ಕಣ್ಣ ಮುಂದೆ ನಡೆಯುತ್ತದೆಂದು ಅಂದುಕೊಂಡಿರಲಿಲ್ಲ.

ಎಲೆ ತಿರುವಿದಾಗ ಕಳ್ಳ ದ್ಯಾಮಪ್ಪ. ಅವನು ತೊಡೆ ತಟ್ಟಿ ನಕ್ಕ, ಉಳಿದವರೂ ನಕ್ಕರು. ಕೊತ್ವಾಲನ ಎಲೆ ಅಕ್ಕನ ಹತ್ತಿರ ಬಂದದ್ದನ್ನು ನೋಡಿ ಅಜ್ಜಪ್ಪ, ಯಾರ ಕಡೆ ಬೆರಳು ಮಾಡಿದ್ದೆ ಎಂದು ಕೇಳಿದ. ಆ ಹೆಂಗಸು ಹೊನ್ನವ್ವನ ಕಡೆ ನೋಡಿದಳು. ಆ ನೋಟದಲ್ಲಿದ್ದ ಹೆದರಿಕೆ ಆಟದ್ದಾಗಿರಲಿಲ್ಲ. ಹೊನ್ನವ್ವ ಅಲ್ಲೇ ಒಂದು ನಿಯಮ ಹುಟ್ಟಿಸಿದಳು.

“ಕೊತ್ವಾಲಗ ಬೇಕಂದ್ರ ಹೇಳಬಹುದು, ಬಿಟ್ರ ಬಿಡಬಹುದು. ಆಡಿಸಾಕಿ ಮಾತ್ರ ಯಾವತ್ತೂ ಹೇಳಂಗಿಲ್ಲ.”

ಬೀಗಿತ್ತಿ ಮರೆತುಹೋಯಿತು ಅಂದಳು. ಯಾರೂ ಮತ್ತೆ ಕೇಳಲಿಲ್ಲ.

ಎರಡನೆಯ ಆಟಕ್ಕೆ ಮೊದಲು ಯಶೋಧರಾ, ಹೀಗಾದರೆ ಆಡುವುದೇ ಬೇಡ, ಓಟಿನ ಹೊತ್ತನ್ನು ಸರಿಯಾಗಿ ಗೊತ್ತುಮಾಡೋಣ ಅಂದಳು. ಎಲ್ಲರ ಮಾತು ಮುಗಿಯುವವರೆಗೆ ಯಾರೂ ಅಡಿಕೆ ಇಡಕೂಡದು. ಅಡಿಕೆ ಮುಷ್ಟಿಯಲ್ಲಿರಬೇಕು. ಹೊನ್ನವ್ವ ಒಂದು, ಎರಡು, ಮೂರು ಅನ್ನಬೇಕು, ಮೂರಕ್ಕೆ ಆರೂ ಜನ ಒಮ್ಮೆಲೇ ಇಡಬೇಕು. ಇಟ್ಟದ್ದನ್ನು ತೆಗೆಯುವಂತಿಲ್ಲ, ತಡವಾಗಿ ಬಂದದ್ದು ಲೆಕ್ಕಕ್ಕಿಲ್ಲ. ಇದರಲ್ಲಿ ತಿಳಿಯದಿರುವಂಥದ್ದು ಏನಿದೆಯೋ, ದ್ಯಾಮಪ್ಪನಿಗೆ ತಿಳಿಸಲು ಕಾಲು ತಾಸು ಹಿಡಿಯಿತು. ಮೊದಲೇ ಗೊತ್ತಾದವನು ಮೊದಲೇ ಯಾಕೆ ಇಡಬಾರದೆಂದು ಅವನು ಕೇಳಿದ. ಆಮೇಲೆ ಗೊತ್ತಾದವನು ಆಮೇಲೆ ಯಾಕೆ ಇಡಬಾರದೆಂದು ಅಜ್ಜಪ್ಪ ಕೇಳಿದ. ಹಿರಿಯರು ಇಡುವಾಗಲೇ ಕಿರಿಯರೂ ಇಟ್ಟರೆ ಅದು ಯಾವ ಸೀಮೆಯ ರಿವಾಜೆಂದು ದ್ಯಾಮಪ್ಪ ಮತ್ತೆ ಕೇಳಿದ. ಪ್ರಭುಲಿಂಗಪ್ಪ ಎರಡೂ ಕಡೆಗೆ ಹೌದ್ರಿ ಅನ್ನುತ್ತ ಕುತ್ತಿಗೆ ನೋಯಿಸಿಕೊಂಡ. ಸಂಗನಬಸವ ಮಾತ್ರ, ಯಶೋಧರಾ ಹೇಳಿದ್ದು ಸರಿಯಿದೆ ಎಂದು ಮೆಲ್ಲಗೆ ಅಂದ. ಅಂದವನು ತಂದೆಯ ಮುಖ ನೋಡಿ, ನೋಡೋಣ ಅಂತ ಅಷ್ಟೇ ಎಂದು ಕೂಡಿಸಿದ. ಆದರೂ ಅಂದನಲ್ಲ ಎಂದು ಹೊನ್ನವ್ವ ಒಳಗೊಳಗೆ ಹಿಗ್ಗಿದಳು.

ಆಟ ನಡೆಯಿತು. ಎಲ್ಲರೂ ಮಾತಾಡಿದರು. ತನ್ನ ಸರದಿ ಬಂದಾಗ ದ್ಯಾಮಪ್ಪ, ಮನಸ್ಸಿನಲ್ಲಿದ್ದದ್ದನ್ನು ಓಟಿನಲ್ಲೇ ತೋರಿಸುತ್ತೇನೆ ಎಂದು ಗತ್ತಿನಿಂದ ಸುಮ್ಮನಾದ. ಹೊನ್ನವ್ವ ಮೂರು ಅಂದಳು. ಯಶೋಧರಾ ತನ್ನ ಅಡಿಕೆಯನ್ನು ದ್ಯಾಮಪ್ಪನ ಮುಂದೆ ಇಟ್ಟಳು. ಉಳಿದ ನಾಲ್ಕು ಕೈಗಳು ಗಾಳಿಯಲ್ಲಿ ತೂಗುತ್ತ ದ್ಯಾಮಪ್ಪನ ಕೈಯನ್ನೇ ನೋಡುತ್ತಿದ್ದವು. ದ್ಯಾಮಪ್ಪ ತನ್ನ ಮುಂದೆ ಬಿದ್ದ ಅಡಿಕೆಯನ್ನು ನೋಡಿದ, ಹುಡುಗಿಯನ್ನು ನೋಡಿದ, ಆಮೇಲೆ ನಿಧಾನವಾಗಿ ತನ್ನದನ್ನು ಹೆಂಡತಿಯ ಮುಂದೆ ಇಟ್ಟ. ನಾಲ್ಕು ಅಡಿಕೆಗಳು ಸಾಲಾಗಿ ಅಲ್ಲಿಗೇ ಬಂದವು. ಬೀಗಿತ್ತಿ ಪ್ರಭುಲಿಂಗಪ್ಪನನ್ನು ನೋಡಿ ಕಲಿತವಳಂತೆ ತನ್ನ ಮುಂದೆ ತಾನೇ ಇಟ್ಟುಕೊಂಡಿದ್ದಳು.

ಹೊನ್ನವ್ವ ಕೈಚಾಚಿ ಆ ಐದೂ ಅಡಿಕೆಗಳನ್ನು ಎತ್ತಿ ತಟ್ಟೆಗೆ ಹಾಕಿದಳು. ತಡವಾದದ್ದು ಲೆಕ್ಕಕ್ಕಿಲ್ಲ. ಉಳಿದದ್ದು ಒಂದೇ ಓಟು, ದ್ಯಾಮಪ್ಪ ಎಲೆ ತಿರುವಬೇಕು.

“ಅಕ್ಕಾರ, ಎಲೆಕ್ಷನ್ನಿನಾಗ ಹೊತ್ತು ಮುಗದ್ರೂ ಸಾಲಿನಾಗ ನಿಂತವರಿಗೆ ಓಟು ಹಾಕಾಕ ಬಿಡತಾರ,” ಎಂದ ದ್ಯಾಮಪ್ಪ. “ನಮ್ಮ ಕೈ ಎತ್ತಿದ್ದುವು. ಸಾಲಿನಾಗ ನಿಂತಂಗ ಅಲ್ಲೇನ್ರಿ?”

“ಸಾಲಿನಾಗ ನಿಂತವರು ಮುಂದಿನವನ ಓಟು ಇಣಿಕಿ ನೋಡಿ ಹಾಕಂಗಿಲ್ರಿ,” ಅಂದಳು ಹೊನ್ನವ್ವ.

ದ್ಯಾಮಪ್ಪನ ಎಲೆ ಬರೀ ಆರು. ಕಳ್ಳಿ ಯಶೋಧರಾ. ಒಂದೇ ಅಡಿಕೆಯಿಂದ ಇಡೀ ಊರನ್ನು ಸೋಲಿಸಿದ ಸೊಸೆಯಾಗುವವಳನ್ನು ದ್ಯಾಮಪ್ಪ ಬಹಳ ಹೊತ್ತು ನೋಡಿದ, ಭಾಳ ಚಾಲಾಕಿ ಅದಾಳ ಎಂದು ಅಜ್ಜಪ್ಪನಿಗೆ ಹೇಳಿದ. ಹೊಗಳಿಕೆಯಂತೆ ಕೇಳುವ ಹಾಗೆ ಹೇಳಿದರೂ ಅದು ಹೊಗಳಿಕೆಯಲ್ಲವೆಂದು ಹೊನ್ನವ್ವನಿಗೆ ಗೊತ್ತಾಯಿತು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು?

ಮೂರನೆಯ ಆಟಕ್ಕೆ ಹೊನ್ನವ್ವ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದಳು. ಅಡಿಕೆ ಬೇಡ. ಎಲ್ಲರ ಮಾತು ಮುಗಿದ ಮೇಲೆ ಎಲ್ಲರೂ ಮತ್ತೆ ಕಣ್ಣು ಮುಚ್ಚಬೇಕು, ಮೂರು ಅಂದಾಗ ಮುಚ್ಚಿದ ಕಣ್ಣಿನಲ್ಲೇ ಬೆರಳು ತೋರಿಸಬೇಕು. ಯಾರ ಬೆರಳು ಯಾರ ಕಡೆ ಎಂದು ಅವಳೊಬ್ಬಳೇ ನೋಡುತ್ತಾಳೆ, ಎಣಿಕೆಯನ್ನಷ್ಟೇ ಹೇಳುತ್ತಾಳೆ. ಈಗ ಯಾರ ಕೈ ನೋಡಿ ಯಾರು ಇಡುತ್ತೀರೋ ನೋಡೋಣ ಎಂಬುದು ಅವಳ ಲೆಕ್ಕ. ಗಡಿಯಾರದಲ್ಲಿ ಆರಕ್ಕೆ ಇನ್ನು ಹದಿನೈದು ನಿಮಿಷವಿತ್ತು.

ಕಣ್ಣು ಮುಚ್ಚಿಸಿದಳು. ಕಳ್ಳನೆಂದು ಕಣ್ಣು ತೆರೆದವನು ಅಜ್ಜಪ್ಪ. ಕೊತ್ವಾಲನೆಂದು ಕಣ್ಣು ತೆರೆದವನು ಸಂಗನಬಸವ. ಅವನು ಸುತ್ತ ಒಮ್ಮೆ ನೋಡಿ, ಸಣ್ಣಗೆ ನಕ್ಕು, ಯಶೋಧರಾಳ ಕಡೆ ಬೆರಳು ಮಾಡಿದ. ಹೊನ್ನವ್ವ ಇಲ್ಲವೆಂದು ತಲೆಯಾಡಿಸಿದಳು. ಅವನ ಮುಖ ಹಗುರಾಯಿತು. ಅದನ್ನು ಕಂಡು ಹೊನ್ನವ್ವನಿಗೂ ಖುಷಿಯಾಯಿತು. ಹುಡುಗ ಎಲ್ಲರಿಗಿಂತ ಮೊದಲು ಅವಳ ಬಗ್ಗೆ ತಿಳಿದುಕೊಳ್ಳಬೇಕೆಂದನಲ್ಲ, ತಾನು ಆರಿಸಿದ್ದು ಸುಳ್ಳಾಗಲಿಲ್ಲ ಅಂದುಕೊಂಡಳು.

ಮಾತಿನ ಸರದಿ ಬಂತು. ದ್ಯಾಮಪ್ಪ ಈ ಸಲ ಬಾಯಿ ಕಟ್ಟಿಕೊಳ್ಳಲಿಲ್ಲ. ಹುಡುಗಿಯೇ ಕಳ್ಳಿ, ಹಿಂದಿನ ಸಲವೂ ಅವಳೇ, ಇಷ್ಟೊಂದು ನಿಯಮ ಮಾತಾಡುವವರು ಯಾವಾಗಲೂ ಏನನ್ನೋ ಮುಚ್ಚಿಟ್ಟಿರುತ್ತಾರೆ ಎಂದು ತೀರ್ಪು ಕೊಟ್ಟ. ಅಜ್ಜಪ್ಪನಿಗೆ ಬೇಕಾದದ್ದೂ ಅದೇ, ಭಾವ ಹೇಳಿದ ಮೇಲೆ ಮುಗಿಯಿತು ಅಂದ. ಬೀಗಿತ್ತಿ ತಲೆಯಾಡಿಸಿದಳು. ಪ್ರಭುಲಿಂಗಪ್ಪ, ನಮ್ಮ ಯಶೋ ಸಣ್ಣಾಕಿ ಇದ್ದಾಗಿನಿಂದ ಸ್ವಲ್ಪ ಹಂಗೇ ಎಂದು ಹೆತ್ತ ಮಗಳನ್ನು ಬೀಗರ ಕೈಗೆ ಬೆಣ್ಣೆಯ ಹಾಗೆ ಎತ್ತಿಕೊಟ್ಟ. ಯಶೋಧರಾ ತನ್ನ ಸರದಿಯಲ್ಲಿ ಎರಡೇ ಮಾತು ಅಂದಳು. ತಾನು ಕಳ್ಳಿಯಲ್ಲ, ಕೊತ್ವಾಲ ಯಾರೋ ಅವರು ಏನಾದರೂ ನೋಡಿದ್ದರೆ ಹೇಳಲಿ.

ಉಳಿದವನು ಸಂಗನಬಸವ. ಒಬ್ಬೊಬ್ಬರಿಗೆ ಒಂದೊಂದು ನಿಮಿಷವೆಂದು ಹೊನ್ನವ್ವನೇ ಕಟ್ಟು ಹಾಕಿದ್ದಳು. ಅವನ ನಿಮಿಷ ಮುಗಿಯಿತು, ಅವನು ಚಾಪೆಯ ಅಂಚನ್ನು ಕೀಳುತ್ತಿದ್ದ. ಹೊನ್ನವ್ವ ಗಡಿಯಾರದ ಕಡೆ ನೋಡದೆ ಇನ್ನೊಂದು ನಿಮಿಷ ಬಿಟ್ಟಳು. ನಾನು ಕೊತ್ವಾಲ, ನೋಡಿದ್ದೇನೆ, ಇವಳಲ್ಲ ಎಂದರೆ ಸಾಕಿತ್ತು, ಮೂರೇ ಮಾತು. ಬೋರ್‌ವೆಲ್ಲಿಗೆ ನೀರು ಕಡಿಮೆಯಾಗುವುದಿಲ್ಲ, ಸೂಡಿಯ ಒಂದು ಎಕರೆಯೂ ಕಮ್ಮಿಯಾಗುವುದಿಲ್ಲ. ಅವಳು ಮಾತಾಡ್ರಿ ಎಂದು ಎರಡು ಸಲ ಅಂದಳು.

“ಅಪ್ಪಾರು ಹೇಳಿದ ಮ್ಯಾಲೆ ನಂದೇನೈತ್ರಿ,” ಅಂದ ಸಂಗನಬಸವ.

ಹೊನ್ನವ್ವನಿಗೆ ಇನ್ನೂ ಒಂದು ಆಸೆಯಿತ್ತು. ಬಾಯಿಂದ ಆಗದಿದ್ದದ್ದು ಬೆರಳಿನಿಂದ ಆದೀತು, ಕಣ್ಣು ಮುಚ್ಚಿದ ಮೇಲೆ ನೋಡುವವರು ಯಾರು? ಎಲ್ಲರ ಕಣ್ಣು ಮುಚ್ಚಿಸಿ, ನಿಧಾನವಾಗಿ ಒಂದು ಅಂದಳು, ಎರಡು ಅಂದಳು, ಮೂರು ಅಂದಳು. ಐದು ಬೆರಳುಗಳು ಯಶೋಧರಾಳ ಕಡೆ ನಿಂತವು. ಎಲ್ಲಕ್ಕಿಂತ ಮೊದಲು ನಿಂತದ್ದು ಸಂಗನಬಸವನ ಬೆರಳು. ಕಣ್ಣು ಮುಚ್ಚಿದರೂ ಅವನಿಗೆ ಅಪ್ಪ ಕಾಣುತ್ತಿದ್ದ. ಹೊನ್ನವ್ವನಿಗೆ ಅಪ್ಪನ ಮೇಲೆ ಬಂದದ್ದು ಸಿಟ್ಟು, ಮಗನ ಮೇಲೆ ಬಂದದ್ದು ಹೇಸಿಗೆ.

ಯಶೋಧರಾ ಎಲೆ ತಿರುವಿದಳು. ಬರೀ ಏಳು. ಅಜ್ಜಪ್ಪ ಗುಲಾಮನನ್ನು ಎತ್ತಿ ಎಲ್ಲರಿಗೂ ತೋರಿಸಿ ಕುಣಿದಾಡಿದ. ಸಂಗನಬಸವನ ಮುಂದಿನ ರಾಜಾ ಹೊರಬಿತ್ತು. ಯಶೋಧರಾ ಅವನ ಕಡೆ ತಿರುಗಿ, ಕೊತ್ವಾಲರು ಯಾರನ್ನು ನೋಡಿದ್ದರೆಂದು ಕೇಳಿದಳು. ಅವನು ತಡವರಿಸಲಿಲ್ಲ, ಅದೇ ದೊಡ್ಡ ಸೋಜಿಗ.

“ನಿಮ್ಮ ಅಪ್ಪಾರ್ನ ನೋಡಿದ್ನಿರಿ. ನೀವು ಅಲ್ಲಂತ ನನಗ ಹ್ಯಾಂಗ ಗೊತ್ತಾಗಬೇಕು?”

ಯಶೋಧರಾ ಅವನನ್ನು ಬಿಟ್ಟು ಹೊನ್ನವ್ವನ ಕಡೆ ತಿರುಗಿದಳು.

“ಅತ್ತಿ, ಇವರು ಯಾರ್ನ ನೋಡಿದ್ರು?”

ಅಜ್ಜಪ್ಪ ಗಡಿಯಾರ ನೋಡಿ, ಆರಾಯಿತು, ರಾಹು ಹೋಯಿತು, ಆಟ ಸಾಕು, ಸಕ್ಕರೆ ತರ್ರಿ ಅಂದ. ಪ್ರಭುಲಿಂಗಪ್ಪ ಅಕ್ಕನಿಗೆ ಕಣ್ಣಿನಲ್ಲೇ ಕೈಮುಗಿಯುತ್ತ ಒಳಗೆ ಓಡಿ ಸಕ್ಕರೆಯ ಬಟ್ಟಲು ತಂದು ನಡುವೆ ಇಟ್ಟ. ಸಂಗನಬಸವ ಹೊನ್ನವ್ವನನ್ನು ನೋಡುತ್ತಿದ್ದ, ಮೊದಲ ಆಟದಲ್ಲಿ ಅವನ ತಾಯಿ ನೋಡಿದ್ದಳಲ್ಲ, ಹಾಗೆಯೇ. ಆ ತಾಯಿಯನ್ನು ಉಳಿಸಲು ಹುಟ್ಟಿಸಿದ ನಿಯಮ ಈಗ ಮಗನಿಗೂ ಒದಗಿತ್ತು. ಆಡಿಸುವವಳು ಹೇಳುವಂತಿಲ್ಲ ಎಂದರೆ ತೀರಿತು. ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಕೆಟ್ಟ ಹುಡುಗನಂತೂ ಅಲ್ಲ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸೀರೆ ಮಡಚುತ್ತಾನೆ. ಎಷ್ಟೋ ಮನೆಗಳಲ್ಲಿ ಇಷ್ಟೂ ಸಿಗುವುದಿಲ್ಲ. ನಾಳೆ ಬೆಳಗಾದರೆ ಅಂಗಡಿ ತೆರೆಯಬೇಕು, ಓಣಿಯ ಹೆಂಗಸರು ಏನಾತು ಹೊನ್ನವ್ವಾ ಎಂದು ಬಂದು ಕೂಡುತ್ತಾರೆ.

ಬೀಗಿತ್ತಿ ಸಕ್ಕರೆಯ ಬಟ್ಟಲಿನ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಮಧ್ಯಾಹ್ನದಿಂದ ಆ ಹೆಂಗಸನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ಹೊನ್ನವ್ವ ಕೇಳಿರಲಿಲ್ಲ, ತಾನೂ ಕೇಳಿ ತಿಳಿದುಕೊಂಡಿರಲಿಲ್ಲ. ಇನ್ನು ಮೂವತ್ತು ವರ್ಷಕ್ಕೆ ಆ ಜಾಗದಲ್ಲಿ ಕೂಡುವವಳು ಯಾರೆಂದು ಅವಳಿಗೆ ಹೊಳೆಯಿತು.

“ನಿನ್ನ ನೋಡಿದ್ರು,” ಅಂದಳು ಹೊನ್ನವ್ವ. “ಕಳ್ಳಿ ಅಲ್ಲಂತ ನಾನ ತಲಿ ಅಲ್ಲಾಡಿಸಿ ಹೇಳೀನಿ. ಗೊತ್ತಿದ್ದು ಬೆರಳು ಮಾಡಿದ್ರು.”

ದ್ಯಾಮಪ್ಪನಿಗೆ ಮಗ ಸುಳ್ಳು ಹೇಳಿದ್ದು ದೊಡ್ಡದಾಗಿ ಕಾಣಲಿಲ್ಲ, ಹೊನ್ನವ್ವ ನಿಯಮ ಮುರಿದದ್ದು ಕಂಡಿತು. ಆಡಿಸಾಕಿ ಹೇಳಂಗಿಲ್ಲಂತ ನೀವ ಹೇಳಿದ್ರಿ ಎಂದು ಬೆರಳು ಮಡಚಿ ಲೆಕ್ಕ ಕೊಟ್ಟ. ಹೇಳಿದ್ದೆ, ಮುರಿದೆ ಅಂದಳು ಹೊನ್ನವ್ವ. ಸಂಗನಬಸವ, ಇದು ಆಟ, ಆಟದ ಮಾತನ್ನು ಯಾರಾದರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಯೇ ಎಂದು ನಗಲು ನೋಡಿದ.

“ಆಟ ಅಂತನ ಹೇಳಾಕತ್ತೀನ್ರಿ,” ಅಂದಳು ಯಶೋಧರಾ. ಅವಳ ದನಿ ಏರಲಿಲ್ಲ. “ಇದರಾಗ ನಿಮಗ ಕಳಕೊಳ್ಳೋದು ಏನೂ ಇರಲಿಲ್ಲ. ಆದ್ರೂ ನನ್ನ ಸಲುವಾಗಿ ಬಾಯಿ ಬಿಡಲಿಲ್ಲ. ನಾ ಒಲ್ಲೆ.”

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಇಸ್ಪೀಟು ಆಡುವ ಮನೆಯ ಹೆಣ್ಣು ತಮಗೂ ಬೇಕಿರಲಿಲ್ಲವೆಂದು, ಮೂರು ಆಟ ಆಡಿದ ದ್ಯಾಮಪ್ಪ ಹೇಳಿದ. ಅಜ್ಜಪ್ಪ ರಾಹು ಪೂರ್ತಿ ಹೋಗಿರಲಿಲ್ಲವೆಂದು ಮತ್ತೆ ಕ್ಯಾಲೆಂಡರ್ ನೋಡಿದ. ಸಂಗನಬಸವ ತಂದೆಯ ಚಪ್ಪಲಿಯನ್ನು ಸರಿಯಾಗಿ ಜೋಡಿಸಿ ಇಟ್ಟು, ಆಮೇಲೆ ತನ್ನದನ್ನು ಮೆಟ್ಟಿಕೊಂಡ. ಬೀಗಿತ್ತಿ ಹೊರಡುವಾಗ ಯಾರೂ ನೋಡದಂತೆ ಯಶೋಧರಾಳ ಕೆನ್ನೆ ಸವರಿದಳು. ಪ್ರಭುಲಿಂಗಪ್ಪ ಕಾರಿನ ಬಾಗಿಲ ತನಕ ಓಡಿಹೋಗಿ, ಅವರು ಬೈದದ್ದಕ್ಕೆಲ್ಲ ಹೌದ್ರಿ ಹೌದ್ರಿ ಅನ್ನುತ್ತಿದ್ದದ್ದು ಒಳಗಿನ ತನಕ ಕೇಳಿಸುತ್ತಿತ್ತು.

ಹೊನ್ನವ್ವ ಚಾಪೆ ಸುತ್ತಿದಳು. ಎದೆ ಹಗುರಾಗಿತ್ತು. ಇಡೀ ಕೋಣೆಯಲ್ಲಿ ಬೆನ್ನೆಲುಬು ಇದ್ದವಳು ತಾನೊಬ್ಬಳೇ ಎಂಬ ಸಂತೋಷವೂ ಸ್ವಲ್ಪ ಇತ್ತು. ಯಶೋಧರಾ ಎಲೆಗಳನ್ನು ಕೂಡಿಸಿ ಕಟ್ಟುತ್ತಿದ್ದಳು.

“ನನಗ ಮೊದಲ ಗೊತ್ತಿತ್ತು, ಅತ್ತಿ,” ಅಂದಳು. “ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಅವರು ಬೆರಳು ಮಾಡಿದ್ದು ನೋಡಿದ್ದೆ. ನೀ ತಲಿ ಅಲ್ಲಾಡಿಸಿದ್ದೂ ನೋಡಿದ್ದೆ.”

ಹೊನ್ನವ್ವ ಚಾಪೆ ಹಿಡಿದೇ ನಿಂತಳು. ಗೊತ್ತಿದ್ದ ಮೇಲೆ ತನ್ನನ್ನು ಯಾಕೆ ಕೇಳಿದೆ ಎಂದಳು.

“ನೀ ಏನಂತಿ ಅಂತ ನೋಡಬೇಕಾಗಿತ್ತು. ನೀನೂ ಇದ ಮನಿಯಾಕಿ ಅಲ್ಲೇನು?” ಯಶೋಧರಾ ದಾರವನ್ನು ಗಂಟು ಹಾಕಿದಳು. “ಹೇಳಿದಿ, ಖರೇ. ಆದ್ರ ಭಾಳ ಹೊತ್ತು ತಗೊಂಡಿ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೊನ್ನವ್ವ, ಓಣಿಯ ಹೆಂಗಸರಿಗೆ ಯಾವ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ ಅನ್ನಬೇಕಾಗುತ್ತಿತ್ತು, ಇಲ್ಲವೇ ಸಂಗನಬಸವನ ಹಾಗೆ ತಡವರಿಸದೆ ಒಂದು ಸುಳ್ಳು ಹೇಳಬೇಕಾಗುತ್ತಿತ್ತು.